ಸ್ಪೋರ್ಟ್ಸ್ ಕಾರು ಕೊಳ್ಳುವ ಮುಂಚೆ: ಓಡಿಸುವ ಖುಷಿ, ಸೆಕೆಂಡಿನ ಲೆಕ್ಕ, ಕರಗುವ ದುಡ್ಡು

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಮೂವರು ಗೆಳೆಯರು, ಎರಡು ಕಾರು. ಒಂದು ಹೊಸ ಜರ್ಮನ್ ಸೆಡಾನ್, 500ಕ್ಕೂ ಜಾಸ್ತಿ ಕುದುರೆಶಕ್ತಿ, ಹತ್ತಿರ ಹತ್ತಿರ ಎರಡು ಟನ್ ತೂಕ. ಇನ್ನೊಂದು ಹತ್ತು ವರ್ಷ ದಾಟಿದ ಪೋರ್ಶೆ ಬಾಕ್ಸ್‌ಸ್ಟರ್, ಮ್ಯಾನುಯಲ್ ಗೇರ್, ಶಕ್ತಿಯಲ್ಲಿ ಸೆಡಾನ್‌ನ ಅರ್ಧ. ಅರ್ಧ ದಾರಿಯಲ್ಲಿ ಕಾರು ಬದಲಾಯಿಸಿಕೊಂಡೆವು.

ಸೆಡಾನ್‌ನಲ್ಲಿ ನನಗೆ ನೆನಪಿರುವುದು ಒಂದೇ. ಕಾಲಿಟ್ಟ ತಕ್ಷಣ ಮುಂದಿನ ತಿರುವು ಎದುರಿಗೆ ಬಂದು ನಿಲ್ಲುತ್ತಿತ್ತು, ಆಮೇಲೆ ಬ್ರೇಕ್ ಹಾಕಿ ಕಾಯುವುದೇ ಕೆಲಸ. ಬಾಕ್ಸ್‌ಸ್ಟರ್‌ನಲ್ಲಿ ಹಾಗಲ್ಲ. ಮೂರನೇ ಗೇರಿನಿಂದ ಎರಡಕ್ಕೆ ಇಳಿಸುವಾಗ ಲಿವರ್‌ನ ತಣ್ಣನೆ ಲೋಹ ಅಂಗೈಗೆ ತಾಗಿದ್ದು, ಡಾಂಬರು ಕಿತ್ತ ಜಾಗದಲ್ಲಿ ಸ್ಟೇರಿಂಗ್ ಬೆರಳ ತುದಿಯಲ್ಲಿ ಸಣ್ಣಗೆ ನಡುಗಿದ್ದು, ಬೆನ್ನ ಹಿಂದೆಯೇ ಕೂತ ಎಂಜಿನ್ ದನಿ ಏರಿಸಿದ್ದು, ಎಲ್ಲ ಇವತ್ತಿಗೂ ಹಾಗೇ ನೆನಪಿದೆ. ವೇಗ 50 ಕೂಡ ದಾಟಿರಲಿಲ್ಲ.

ಸೆಡಾನ್ ಗೆಳೆಯ ಮೂರು ವರ್ಷಕ್ಕೆ ಕಾರು ಮಾರಿದ. ಕೊಟ್ಟ ದುಡ್ಡಿನ ಅರ್ಧ ಬಂತು. ಬಾಕ್ಸ್‌ಸ್ಟರ್ ಇನ್ನೂ ಮನೆಯಲ್ಲಿದೆ, ಮಾರುವ ಮಾತೇ ಇಲ್ಲ.

ಬೆಂಗಳೂರಲ್ಲಿ ಐವತ್ತು ಲಕ್ಷ, ಒಂದು ಕೋಟಿ ಕೂಡಿಟ್ಟು ಕನಸಿನ ಕಾರು ಕೊಳ್ಳಲು ಹೊರಟವರು ನನ್ನ ಹತ್ತಿರ ಕೇಳುವ ಮೊದಲ ಪ್ರಶ್ನೆ "ಜೀರೋ ಟು ಹಂಡ್ರೆಡ್ ಎಷ್ಟು?" ಅಂತ. ಆ ಪ್ರಶ್ನೆಯನ್ನು ಕೊನೆಗೆ ತಳ್ಳಿ ಕಾರು ಆರಿಸುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಒಂದೊಂದೇ ಹೆಜ್ಜೆ ಮಾಡುತ್ತಾ ಹೋಗಿ, ಅವಸರ ಬೇಡ.

ಸೆಕೆಂಡುಗಳು ಯಾಕೆ ಬೇಗ ಹಳತಾಗುತ್ತವೆ

2020ರ ಸುಮಾರಿಗೆ ಪೋರ್ಶೆಯ ವಿದ್ಯುತ್ ಕಾರು ಟೈಕಾನ್ ಟರ್ಬೊ ಎಸ್ ಗಂಟೆಗೆ ನೂರು ಕಿ.ಮೀ. ವೇಗ ಮುಟ್ಟಲು 2.8 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. 2024ರಲ್ಲಿ ಅದೇ ಹೆಸರಿನ ಕಾರು 2.4ಕ್ಕೆ ಇಳಿಯಿತು. 2.8 ಅಂತ ಹೇಳಿಕೊಂಡು ಕೊಂಡವನ ಹತ್ತಿರ ಈಗ ಹೇಳಿಕೊಳ್ಳಲು ಏನು ಉಳಿಯಿತು? ಟೈಕಾನ್ ಓಡಿಸಲು ಚೆನ್ನಾಗಿಯೇ ಇದೆ. ಆದರೂ ಯುರೋಪ್, ಅಮೆರಿಕದ ಹಳೆ ಕಾರಿನ ಮಾರುಕಟ್ಟೆಯಲ್ಲಿ ಬೇಗ ಬೆಲೆ ಕಳೆದುಕೊಂಡ ಪೋರ್ಶೆಗಳ ಸಾಲಿನಲ್ಲಿ ಅದು ಇದೆ. ಬ್ಯಾಟರಿಯ ಭಯ ಒಂದು ಕಾರಣ. ವೇಗದ ದಾಖಲೆ ವರ್ಷಕ್ಕೊಮ್ಮೆ ಮುರಿಯುವುದು ಇನ್ನೊಂದು.

ಇದಕ್ಕೆ ಉಲ್ಟಾ ಕಥೆ ಪೋರ್ಶೆಯದೇ 911 ಜಿಟಿ3ಯದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರೆ ಇಡೀ ವಿಷಯ ಇದರಲ್ಲೇ ಇದೆ. 2013ರಲ್ಲಿ ಹೊಸ ಜಿಟಿ3 ಬಂದಾಗ ಪೋರ್ಶೆ ಮ್ಯಾನುಯಲ್ ಗೇರ್ ತೆಗೆದುಬಿಟ್ಟಿತು. ಬರೀ ಪಿಡಿಕೆ, ಅಂದರೆ ತಾನೇ ಗೇರ್ ಬದಲಿಸುವ ಡಬಲ್ ಕ್ಲಚ್ ಪೆಟ್ಟಿಗೆ. ರೇಸ್ ಟ್ರ್ಯಾಕಿನಲ್ಲಿ ಅದೇ ಬೇಗ, ಅದರಲ್ಲಿ ಅನುಮಾನವಿಲ್ಲ. ಆದರೆ ಜಿಟಿ3 ಪ್ರೀತಿಸುವವರಿಗೆ ಬೇಜಾರಾಯಿತು. 2016ರಲ್ಲಿ ಜಿನೀವಾ ಮೋಟಾರ್ ಶೋನಲ್ಲಿ ಕಂಪನಿ 911 ಆರ್ ತೋರಿಸಿತು. 4 ಲೀಟರ್ ಎಂಜಿನ್, 1,370 ಕೆ.ಜಿ. ತೂಕ, ದೊಡ್ಡ ರೆಕ್ಕೆ ಇಲ್ಲ, ಮೂರು ಪೆಡಲ್, ಅಂದರೆ ಮ್ಯಾನುಯಲ್. ಮಾಡಿದ್ದು 991 ಕಾರು ಮಾತ್ರ. ನೋಡನೋಡುತ್ತಲೇ ಮೂಲ ಬೆಲೆಯ ಹಲವು ಪಟ್ಟಿಗೆ ಕೈ ಬದಲಾಗತೊಡಗಿದವು. ಮರುವರ್ಷ ಪೋರ್ಶೆ ಜಿಟಿ3ಗೆ ಮತ್ತೆ ಮ್ಯಾನುಯಲ್ ಕೊಟ್ಟಿತು. ಅದರಲ್ಲಿ ಪಿಡಿಕೆ ಕಾರು ನೂರು ಮುಟ್ಟುವುದು 3.4 ಸೆಕೆಂಡಿಗೆ, ಮ್ಯಾನುಯಲ್ 3.9ಕ್ಕೆ. ಅರ್ಧ ಸೆಕೆಂಡ್ ನಿಧಾನ ಅಂತ ಗೊತ್ತಿದ್ದೇ ಜನ ಅದನ್ನು ಆರಿಸಿದರು, ಇವತ್ತಿಗೂ ಆರಿಸುತ್ತಾರೆ.

ಒಂದು ಎಚ್ಚರಿಕೆ. ಮ್ಯಾನುಯಲ್ ಜಿಟಿ3 ಬಂದಮೇಲೆ 911 ಆರ್ ಬೆಲೆ ತುದಿಯಿಂದ ಕೆಳಗಿಳಿಯಿತು. ಬರೀ ಅಪರೂಪ ಅನ್ನುವ ಕಾರಣಕ್ಕೆ ದುಡ್ಡು ಹಾಕಿದವರಿಗೆ ಆಗ ನಿದ್ದೆ ಬಂದಿರಲಿಕ್ಕಿಲ್ಲ. ಓಡಿಸಲು ಕೊಂಡವರಿಗೆ ಏನೂ ವ್ಯತ್ಯಾಸ ಆಗಲಿಲ್ಲ.

ಮರ್ಸಿಡಿಸ್-ಎಎಂಜಿ ಸಿ63 ನೋಡಿ. ಹಳೆಯದರಲ್ಲಿ 4 ಲೀಟರ್ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್, ಎಸ್ ಮಾದರಿ ನೂರು ಮುಟ್ಟಲು 4 ಸೆಕೆಂಡ್. 2022ರಲ್ಲಿ ತೋರಿಸಿದ ಹೊಸದರಲ್ಲಿ ನಾಲ್ಕು ಸಿಲಿಂಡರ್ ಮತ್ತು ಹೈಬ್ರಿಡ್ ಮೋಟಾರ್, 680 ಕುದುರೆಶಕ್ತಿ, 3.4 ಸೆಕೆಂಡ್, ತೂಕ 2,100 ಕೆ.ಜಿ. ದಾಟಿದೆ. ಕಾಗದದ ಮೇಲೆ ಎಲ್ಲದರಲ್ಲೂ ಹೊಸದೇ ಮುಂದೆ. ಆದರೆ ಸಿ63 ಅಭಿಮಾನಿಗಳಿಗೆ ಬೇಕಿದ್ದದ್ದು ಆ ವಿ8 ಗುಡುಗು. ಅದು ಹೋಯಿತು ಅಂತ ಇವತ್ತಿಗೂ ಹಳಹಳಿಸುತ್ತಾರೆ.

ಮೊದಲ ಹೆಜ್ಜೆ: ನೀವು ಎಲ್ಲಿ ಓಡಿಸುತ್ತೀರಿ ಅಂತ ಬರೆದಿಡಿ

ಎರಡು ವಾರ ಒಂದು ಚೀಟಿಯಲ್ಲಿ ಬರೆಯಿರಿ. ಎಲ್ಲಿಗೆ ಹೋದಿರಿ, ಎಷ್ಟು ಹೊತ್ತಿಗೆ, ಯಾವ ವೇಗದಲ್ಲಿ. ಸುಳ್ಳು ಬರೆಯಬೇಡಿ.

ಹೆಚ್ಚಿನವರದು ಹೀಗಿರುತ್ತದೆ: ಭಾನುವಾರ ಬೆಳಿಗ್ಗೆ ಐದೂವರೆಗೆ ಎದ್ದು ನಂದಿ ಕಡೆ, ತಿಂಗಳಿಗೊಮ್ಮೆ ಸಕಲೇಶಪುರ ಅಥವಾ ಚಿಕ್ಕಮಗಳೂರು, ಉಳಿದಂತೆ ಸಿಲ್ಕ್ ಬೋರ್ಡ್ ಟ್ರಾಫಿಕ್. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ 100, ಮೇಲೆ ಕ್ಯಾಮೆರಾ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದರೆ ಎಫ್‌ಐಆರ್ ಹಾಕುತ್ತೇವೆ ಅಂತ ಪೊಲೀಸರು ಹೇಳಿದ್ದಾರೆ. ಹಾಕಲೇಬೇಕು. ಗಂಟೆಗೆ 100 ಕಿ.ಮೀ. ಅಂದರೆ ಒಂದು ಸೆಕೆಂಡಿಗೆ 28 ಮೀಟರ್, ಎಮ್ಮೆಯೊಂದು ರಸ್ತೆಗೆ ಇಳಿದದ್ದನ್ನು ನೀವು ನೋಡಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಬಸ್ಸಿನ ಉದ್ದಕ್ಕಿಂತ ಜಾಸ್ತಿ ದಾರಿ ಮುಗಿದಿರುತ್ತದೆ.

ಪೋರ್ಶೆ ಕೇಮನ್ ಜಿಟಿ4 ಮ್ಯಾನುಯಲ್‌ನಲ್ಲಿ ಎರಡನೇ ಗೇರ್ ಒಂದೇ 130 ದಾಟಿಸುತ್ತದೆ. ಅಂದರೆ ಆ ಎಂಜಿನ್ ಪೂರ್ತಿ ಹಾಡುವುದನ್ನು ಕೇಳಬೇಕಾದರೆ ಎರಡನೇ ಗೇರಿನಲ್ಲೇ ನೀವು ಕಾನೂನು ಮುರಿದಿರುತ್ತೀರಿ. ಅಂಥ ಅದ್ಭುತ ಕಾರಿನಲ್ಲೂ ಜನ ದೂರುವ ವಿಷಯ ಇದು. ನಮ್ಮ ಘಾಟಿಗಳಲ್ಲಿ ಖುಷಿ ಇರುವುದು 30ರಿಂದ 80ರ ನಡುವೆ. ಆ ವೇಗದಲ್ಲಿ ಮಾತಾಡುವ ಕಾರು ಬೇಕು.

ಎರಡನೇ ಹೆಜ್ಜೆ: ಕೈ, ಕಾಲು, ಕಿವಿಗೆ ಪರೀಕ್ಷೆ

ಟೆಸ್ಟ್ ಡ್ರೈವ್ ಅಂದರೆ ಶೋರೂಮಿನವರು ಪಕ್ಕದಲ್ಲಿ ಕೂತು ಫ್ಲೈಓವರ್ ಮೇಲೆ ಒಮ್ಮೆ ಕಾಲೊತ್ತಿಸಿ ವಾಪಸ್ ಕರೆತರುವುದಲ್ಲ. ಆ ಒಂದು ತಳ್ಳಾಟಕ್ಕೆ ಮರುಳಾಗಿ ಚೆಕ್ ಬರೆದವರು ಎಷ್ಟೋ ಜನ. ಬೆನ್ನು ಸೀಟಿಗೆ ಒತ್ತುವ ಆ ರೋಮಾಂಚನ ಎರಡು ವಾರಕ್ಕೆ ಮಾಮೂಲಾಗುತ್ತದೆ. ಕೇಳಿ, ಕಾಡಿ, ಕನಿಷ್ಠ ಒಂದು ಗಂಟೆ ತೆಗೆದುಕೊಳ್ಳಿ. ಕೊಡದಿದ್ದರೆ ಅದೇ ಮಾದರಿ ಇಟ್ಟುಕೊಂಡಿರುವ ಯಾರನ್ನಾದರೂ ಹುಡುಕಿ, ಒಂದು ಟ್ಯಾಂಕ್ ಪೆಟ್ರೋಲ್ ಹಾಕಿಸಿಕೊಡುತ್ತೇನೆ ಅನ್ನಿ.

ಮೊದಲ ಹತ್ತು ನಿಮಿಷ ರೇಡಿಯೊ ಆಫ್ ಮಾಡಿ, ಕಿಟಕಿ ಇಳಿಸಿ, 40ರಲ್ಲಿ ಹೋಗಿ. ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿಯಬೇಡಿ, ಹೂವು ಹಿಡಿದಂತೆ ಹಿಡಿಯಿರಿ. ರಸ್ತೆ ಒರಟಾದಾಗ ಕೈಗೆ ಗೊತ್ತಾಗುತ್ತಾ? ಮುಂದಿನ ಚಕ್ರದ ಹಿಡಿತ ಸಡಿಲವಾಗುವ ಮುಂಚೆ ಸ್ಟೇರಿಂಗ್ ಸ್ವಲ್ಪ ಹಗುರಾಗುತ್ತಾ? ಹಳೆಯ ಹೈಡ್ರಾಲಿಕ್ ಸ್ಟೇರಿಂಗ್‌ನಲ್ಲಿ ಇದು ಚೆನ್ನಾಗಿ ಸಿಗುತ್ತಿತ್ತು. ತಲೆಮಾರಿಗೆ ಕಂಪನಿ ಕೊಟ್ಟ ಸಂಕೇತದಲ್ಲಿ ಹೇಳುವುದಾದರೆ, 911ರಲ್ಲಿ 997 ತಲೆಮಾರಿನವರೆಗೆ, ಬಾಕ್ಸ್‌ಸ್ಟರ್ ಮತ್ತು ಕೇಮನ್‌ನಲ್ಲಿ 987ರವರೆಗೆ, ಬಿಎಂಡಬ್ಲ್ಯು ಎಂ3ಯಲ್ಲಿ ವಿ8 ಇದ್ದ ಇ90, ಇ92ವರೆಗೆ ಅದೇ ಇತ್ತು. ಆಮೇಲಿನವು ವಿದ್ಯುತ್ ಸ್ಟೇರಿಂಗ್. ಒಳ್ಳೆಯವೂ ಇವೆ, ಆದರೆ ರಸ್ತೆಯ ಸುದ್ದಿ ಸ್ವಲ್ಪ ಸೋಸಿ ಬರುತ್ತದೆ.

ಆಮೇಲೆ ಗೇರ್. ಮ್ಯಾನುಯಲ್ ಆದರೆ ಲಿವರ್ ಎರಡರಿಂದ ಮೂರಕ್ಕೆ ಹೋಗುವಾಗ ಟಕ್ ಅಂತ ಕೂರಬೇಕು, ಅನ್ನದಲ್ಲಿ ಸೌಟು ಆಡಿಸಿದ ಹಾಗೆ ಇರಬಾರದು. ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ಕಾಲಿಗೆ ಎರಡನೇ ಸಲಕ್ಕೇ ಗೊತ್ತಾಗಬೇಕು. ಆಟೊಮ್ಯಾಟಿಕ್ ಆದರೆ ಪ್ಯಾಡಲ್ ಎಳೆದಾಗ ಗೇರ್ ತಕ್ಷಣ ಇಳಿಯುತ್ತಾ, ಅಥವಾ ಅರ್ಜಿ ಹಾಕಿ ಕಾಯಬೇಕಾ ನೋಡಿ. ದಿನಾ ಟ್ರಾಫಿಕ್ಕಿನಲ್ಲಿ ಇದೇ ಕಾರು ಅಂತಾದರೆ ಆಟೊಮ್ಯಾಟಿಕ್ ತೆಗೆದುಕೊಳ್ಳುವುದರಲ್ಲಿ ಏನೂ ತಪ್ಪಿಲ್ಲ, ಮಂಡಿ ನಿಮ್ಮದು.

ಬ್ರೇಕ್ ಪೆಡಲ್ ಮೃದುವಾಗಿ ಒತ್ತಿದರೆ ಮೃದುವಾಗಿ, ಜೋರಾಗಿ ಒತ್ತಿದರೆ ಜೋರಾಗಿ ನಿಲ್ಲಬೇಕು. ಅಷ್ಟೇ. ಸೀಟು ತಗ್ಗಿನಲ್ಲಿದೆಯಾ, ನಿಮ್ಮ ಸೊಂಟ ಹಿಡಿಯುತ್ತಾ ನೋಡಿ.

ಕೊನೆಗೆ ತೂಕ. ಇದು ನೇರವಾಗಿ ಕಾಣುವುದಿಲ್ಲ, ಮೈಗೆ ಗೊತ್ತಾಗುತ್ತದೆ. 1996ರಲ್ಲಿ ಬಂದ ಮೊದಲ ಲೋಟಸ್ ಎಲಿಸ್ ಸುಮಾರು 725 ಕೆ.ಜಿ. ಇತ್ತು, ಶಕ್ತಿ 118 ಮಾತ್ರ. ಇವತ್ತಿಗೂ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಟೊಯೊಟಾ 2012ರಲ್ಲಿ ತಂದ ಜಿಟಿ86ಗೆ 200 ಕುದುರೆಶಕ್ತಿ ಕೊಟ್ಟು, ಬೇಕೆಂದೇ ಸಾಧಾರಣ ಅಗಲದ ಟೈರ್ ಹಾಕಿತ್ತು. ಕಡಿಮೆ ವೇಗದಲ್ಲೇ ಕಾರಿನ ಹಿಡಿತದ ಅಂಚು ಸಿಗಲಿ, ಓಡಿಸುವವನಿಗೆ ಆಟ ಸಿಗಲಿ ಅಂತ. ಇವೆರಡೂ ನಮ್ಮ ಶೋರೂಮುಗಳಿಗೆ ಬರಲಿಲ್ಲ, ದುಬೈ, ಇಂಗ್ಲೆಂಡ್, ಅಮೆರಿಕದಲ್ಲಿರುವ ಕನ್ನಡಿಗರಿಗೆ ಆ ಭಾಗ್ಯ ಇದೆ. ಅಲ್ಲಿರುವವರು ಮಜ್ದಾ ಎಂಎಕ್ಸ್-5 ಒಂದು ಸಲವಾದರೂ ಓಡಿಸಿ ನೋಡಿ, ದಯವಿಟ್ಟು.

ಇಲ್ಲಿರುವವರಿಗೆ? 2023ರಲ್ಲಿ 98 ಲಕ್ಷಕ್ಕೆ ಬಂದ ಬಿಎಂಡಬ್ಲ್ಯು ಎಂ2 ಮ್ಯಾನುಯಲ್ ಗೇರ್‌ನಲ್ಲೂ ಸಿಕ್ಕಿತು, ಹಿಂದಿನ ಚಕ್ರ ಓಡಿಸುವ ಕಾರು. ಎಂ340ಐ ಚೆನ್ನೈನಲ್ಲಿ ಜೋಡಿಸುವ ಕಾರಾದ್ದರಿಂದ ಬೆಲೆ ಕೈಗೆಟುಕುವಷ್ಟಿದೆ, 2021ರಲ್ಲಿ ಬಂದಾಗ 387 ಕುದುರೆಶಕ್ತಿ, ಮನೆಯವರೆಲ್ಲ ಕೂರಬಹುದು. ಆರು ಸಿಲಿಂಡರಿನ ಹಳೆ ಕೇಮನ್, ಬಾಕ್ಸ್‌ಸ್ಟರ್ ಸಿಕ್ಕರೆ ನನ್ನ ಮನಸ್ಸು ಅಲ್ಲಿಗೇ ಹೋಗುತ್ತದೆ. 2016ರಲ್ಲಿ 718 ಅಂತ ಹೆಸರು ಬದಲಾದಾಗ ನಾಲ್ಕು ಸಿಲಿಂಡರ್ ಟರ್ಬೊ ಬಂತು. ಅದು ಇನ್ನೂ ಬೇಗ ಓಡುತ್ತದೆ, ದನಿ ಮಾತ್ರ ಸತ್ತಿತ್ತು. ಜನರ ಬೇಜಾರು ಕೇಳಿ ಪೋರ್ಶೆ ಮತ್ತೆ 4 ಲೀಟರ್ ಆರು ಸಿಲಿಂಡರನ್ನು 718ರ ಜಿಟಿಎಸ್ ಮಾದರಿಗೆ ಹಾಕಿತು.

ಮೂರನೇ ಹೆಜ್ಜೆ: ಒಂದು ಕಿಲೋಮೀಟರಿಗೆ ಎಷ್ಟು ಬಿತ್ತು?

ಈಗ ದುಡ್ಡು. ಕಾಗದ, ಪೆನ್ನು ತೆಗೆದುಕೊಳ್ಳಿ.

ಮೊದಲ ಪೆಟ್ಟು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಜಿಎಸ್‌ಟಿ ಶೇ 40. ಅದಕ್ಕೆ ಮುಂಚೆ ಸೆಸ್ ಸೇರಿ ಶೇ 50ರವರೆಗೂ ಇತ್ತು. ಆ ದಿನ ಹೊಸ ಕಾರಿನ ಬೆಲೆ ಇಳಿಯಿತು, ಅದರ ಜೊತೆ ಹಳೆ ಕಾರಿನ ಬೆಲೆಯೂ ಜಾರಿತು. ಆಗಸ್ಟ್‌ನಲ್ಲಿ ಕೊಂಡವರು ಏನೂ ತಪ್ಪು ಮಾಡದೆ ಲಕ್ಷಗಟ್ಟಲೆ ಕಳೆದುಕೊಂಡರು. 2025ರ ಜುಲೈನಲ್ಲಿ ಸಹಿಯಾದ ಭಾರತ-ಬ್ರಿಟನ್ ಒಪ್ಪಂದದಲ್ಲಿ ಅಲ್ಲಿ ತಯಾರಾದ ಇಂತಿಷ್ಟು ಕಾರುಗಳ ಆಮದು ಸುಂಕ ಹಂತ ಹಂತವಾಗಿ ಶೇ 10ಕ್ಕೆ ಇಳಿಯಲಿದೆ. ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಚೌಕಾಸಿ ಮಾಡುವಾಗ ಇದನ್ನು ನೆನಪಿಡಿ.

ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ 18, ಆ ತೆರಿಗೆಯ ಮೇಲೆ ಶೇ 11 ಸೆಸ್. ಒಟ್ಟು ಹತ್ತಿರ ಹತ್ತಿರ ಶೇ 20. ಒಂದು ಕೋಟಿಯ ಕಾರಿಗೆ 20 ಲಕ್ಷ. ನೀವು ಮಾರುವಾಗ ಇದನ್ನು ಯಾರೂ ಪೂರ್ತಿ ವಾಪಸ್ ಕೊಡುವುದಿಲ್ಲ. ಹತ್ತು ಲಕ್ಷ ಮೀರಿದ ಕಾರಿಗೆ ಶೋರೂಮಿನವರು ಹಿಡಿಯುವ ಶೇ 1 ಟಿಸಿಎಸ್ ಮಾತ್ರ ಆದಾಯ ತೆರಿಗೆ ರಿಟರ್ನ್‌ನಲ್ಲಿ ಸಿಗುತ್ತದೆ, ಮರೆಯಬೇಡಿ.

ವಿಮೆಯವರು ಕಾರಿನ ಬೆಲೆಯನ್ನು ಹೀಗೆ ಇಳಿಸುತ್ತಾರೆ: ಮೊದಲ ಆರು ತಿಂಗಳಲ್ಲಿ ಶೇ 5, ಒಂದು ವರ್ಷದೊಳಗೆ ಶೇ 15, ಎರಡಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಐದಾದ ಮೇಲೆ ಮಾತುಕತೆ. ಮಾರುಕಟ್ಟೆ ಇದಕ್ಕಿಂತ ಕರುಣೆಯಿಲ್ಲದ್ದು, ಅಲ್ವಾ? ಆದರೂ ಲೆಕ್ಕಕ್ಕೆ ಇದು ಸಾಕು.

ಒಂದು ಉದಾಹರಣೆ ಹಾಕೋಣ. ಅಂಕಿಗಳು ನನ್ನ ಅಂದಾಜು, ನಿಮ್ಮವನ್ನು ನೀವು ಹಾಕಿಕೊಳ್ಳಿ. ವರ್ಷಕ್ಕೆ 5,000 ಕಿ.ಮೀ., ಐದು ವರ್ಷ, ಒಟ್ಟು 25,000.

ಹೊಸ ಕಾರು: ಶೋರೂಮ್ ಬೆಲೆ ಒಂದು ಕೋಟಿ, ತೆರಿಗೆ, ವಿಮೆ ಸೇರಿ 1.23 ಕೋಟಿ. ಐದು ವರ್ಷಕ್ಕೆ 50 ಲಕ್ಷಕ್ಕೆ ಮಾರಿದಿರಿ, ಹೋದದ್ದು 73. ಸರ್ವಿಸ್, ಮುಂದಿನ ವಿಮೆಗಳು 12. ಒಟ್ಟು 85 ಲಕ್ಷ, ಕಿಲೋಮೀಟರಿಗೆ 340 ರೂಪಾಯಿ.

ಅದೇ ಕಾರನ್ನು ಐದು ವರ್ಷವಾದಾಗ 50ಕ್ಕೆ ಕೊಂಡು ಇನ್ನೈದು ವರ್ಷ ಬಿಟ್ಟು 30ಕ್ಕೆ ಮಾರಿದವನಿಗೆ ಹೋದದ್ದು 20. ರಿಪೇರಿ ಜಾಸ್ತಿ, ವಿಮೆಯೂ ಸೇರಿ ಇನ್ನೊಂದು 20. ಕಿಲೋಮೀಟರಿಗೆ 160.

ಇನ್ನೊಂದು ಬೆಲೆ ಬೀಳದ ಕಾರು: 90ಕ್ಕೆ ಕೊಂಡು 80ಕ್ಕೆ ಮಾರಿದಿರಿ, ಖರ್ಚು 25. ಕಿಲೋಮೀಟರಿಗೆ 140. ಆಹಾ ಅನ್ನಿಸುತ್ತದೆ. ಆದರೆ ಆ ದುಡ್ಡು ಬ್ಯಾಂಕಿನಲ್ಲಿ ಶೇ 7ಕ್ಕೆ ಇದ್ದಿದ್ದರೆ? ಸರಳ ಬಡ್ಡಿ ಸೇರಿಸಿ ಕಿಲೋಮೀಟರಿಗೆ ಎಷ್ಟು ನೋಡಿ. ಹೊಸದು 512, ಎರಡನೆಯದು 230, ಮೂರನೆಯದು 266. ಬೆಲೆ ಬೀಳದ ಕಾರು ಪುಕ್ಕಟೆ ಅಂತ ಹೇಳುವವರು ಈ ಬಡ್ಡಿಯನ್ನು ಬಿಟ್ಟು ಲೆಕ್ಕ ಹಾಕುತ್ತಾರೆ.

ನನ್ನ ಸಲಹೆ: ನಾಲ್ಕರಿಂದ ಏಳು ವರ್ಷದ, ಒಬ್ಬನೇ ಮಾಲೀಕ ಇದ್ದ, ನಿಮ್ಮ ಕೈಗೆ ಹಿಡಿಸಿದ ಕಾರು. ದೊಡ್ಡ ಪೆಟ್ಟು ಇನ್ನೊಬ್ಬರು ತಿಂದಿರುತ್ತಾರೆ. ಬಜೆಟ್ 60 ಲಕ್ಷವಾದರೆ 48ರ ಕಾರು ನೋಡಿ, 12 ರಿಪೇರಿಗೆ ಎತ್ತಿಡಿ. ಕಾರಿನ ಬೆಲೆ ಅರ್ಧವಾಗುತ್ತದೆ, ಬಿಡಿಭಾಗದ ಬೆಲೆ ಅರ್ಧವಾಗುವುದಿಲ್ಲ.

ನಾಲ್ಕನೇ ಹೆಜ್ಜೆ: ಹಳೆ ಕಾರಿನ ಹೊಟ್ಟೆ ನೋಡುವುದು

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಕೆಲವು ವರ್ಷದ ಹಿಂದೆ ಒಬ್ಬ ಡೀಲರ್ ಹತ್ತಿರ ಒಂದು ಕೂಪೆ, ಅಂದರೆ ಎರಡು ಬಾಗಿಲಿನ ಕಾರು, ಕೊಂಡೆ. ನಾನು ಹೋಗುವಷ್ಟರಲ್ಲಿ ಎಂಜಿನ್ ಬಿಸಿ ಮಾಡಿ ಇಟ್ಟಿದ್ದರು. ಬಾನೆಟ್ ಮುಟ್ಟಿದೆ, ಬಿಸಿ ಇತ್ತು, ಸುಮ್ನೆ ಇದ್ದೆ. ಏಳನೇ ವಾರ ಹೆಬ್ಬಾಳದಲ್ಲಿ ಗೇರ್ ಬಾಕ್ಸ್ ಎರಡನೇ ಗೇರಿನಲ್ಲಿ ಸಿಕ್ಕಿಕೊಂಡಿತು. ಅದರ ಮೆದುಳು, ಅಂದರೆ ಮೆಕಾಟ್ರಾನಿಕ್ಸ್ ಘಟಕ, ಹೋಗಿತ್ತು. ತಣ್ಣಗಿದ್ದಾಗ ಚಾಲು ಮಾಡಿದ್ದರೆ ಆ ಜರ್ಕ್ ಮೊದಲ ನಿಮಿಷದಲ್ಲೇ ಕಾಣುತ್ತಿತ್ತು. ಅವತ್ತು ಹೊರಟು ಬಂದಿದ್ದರೆ ನಾಲ್ಕೂವರೆ ಲಕ್ಷ ಉಳಿಯುತ್ತಿತ್ತು.

ಹಾಗಾಗಿ ಬಾನೆಟ್ ಬಿಸಿ ಇದ್ದರೆ "ನಾಳೆ ಬರುತ್ತೇನೆ" ಅಂತ ಹೇಳಿ ಬನ್ನಿ.

ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಅದು ನೀರಲ್ಲಿ ಮುಳುಗಿದ ಕಾರು. 2022ರ ಸೆಪ್ಟೆಂಬರ್ ಮಳೆಗೆ ಯಮಲೂರು, ಹೊರವರ್ತುಲ ರಸ್ತೆ ಕಡೆ ಎಷ್ಟು ದುಬಾರಿ ಕಾರು ಮುಳುಗಿದವು ಅಂತ ನಾವೆಲ್ಲ ನೋಡಿದ್ದೇವೆ. ಸೀಟಿನ ಕೆಳಗಿನ ಹಳಿಗೆ ತುಕ್ಕು ಹಿಡಿದಿದೆಯಾ, ಟಾರ್ಚ್ ಹಾಕಿ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2219 ಅಂದರೆ 2019ರ 22ನೇ ವಾರ ತಯಾರಾದದ್ದು. ಕಾರು 15,000 ಕಿ.ಮೀ. ಓಡಿದ್ದರೂ ಆ ಟೈರ್ ಕಲ್ಲಾಗಿರುತ್ತದೆ, ಬದಲಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿ. ಬ್ರೇಕ್ ಡಿಸ್ಕಿನ ಅಂಚಿಗೆ ಉಗುರು ತಾಗಿಸಿ, ಮೆಟ್ಟಿಲಿನ ಹಾಗೆ ಎದ್ದಿದ್ದರೆ ಸವೆದಿದೆ.

ಮಾದರಿಗೊಂದು ಕಾಯಿಲೆ ಇರುತ್ತದೆ. ಪೋರ್ಶೆ 996, ಬಾಕ್ಸ್‌ಸ್ಟರ್ 986 ಮತ್ತು 2008ರವರೆಗಿನ 997, 987ರಲ್ಲಿ ಐಎಂಎಸ್ ಬೇರಿಂಗ್, ಅಂದರೆ ಎಂಜಿನ್ ಒಳಗಿನ ಒಂದು ಶಾಫ್ಟಿನ ಬೇರಿಂಗ್. 2009ರಿಂದ ಬಂದ ಎಂಜಿನ್‌ನಲ್ಲಿ ಆ ಭಾಗವೇ ಇಲ್ಲ, ಆದ್ದರಿಂದ ಅವುಗಳಿಗೆ ಬೇಡಿಕೆ ಜಾಸ್ತಿ. ವಿ8 ಎಂ3 ಮತ್ತು ವಿ10 ಎಂ5ನಲ್ಲಿ ಪಿಸ್ಟನ್ ರಾಡಿನ ಬೇರಿಂಗ್. ಎಎಂಜಿಯ 6.2 ಲೀಟರ್ ವಿ8ನ ಮೊದಮೊದಲ ಕಾರುಗಳಲ್ಲಿ ಹೆಡ್ ಬೋಲ್ಟ್, ಅಂದರೆ ಎಂಜಿನ್ನಿನ ಮೇಲ್ಭಾಗವನ್ನು ಹಿಡಿದಿಡುವ ಬೋಲ್ಟ್. ಇವು ಇದ್ದರೆ ಬೇಡ ಅಂತಲ್ಲ. ಕೆಲಸ ಮಾಡಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಆ ಖರ್ಚು ನಿಮ್ಮದು ಅಂತಲೇ ಬೆಲೆ ಕಟ್ಟಿ. ಕೊನೆಗೆ ಮಾರುವವನಿಗೆ ಸಂಬಂಧವಿಲ್ಲದ ವರ್ಕ್‌ಶಾಪಿನಲ್ಲಿ ಲಿಫ್ಟ್ ಮೇಲೆ ಏರಿಸಿ, ಕಂಪ್ಯೂಟರ್ ಸ್ಕ್ಯಾನ್ ಮಾಡಿಸಿ.

ಐದನೇ ಹೆಜ್ಜೆ: ಕಾಗದ

ದೆಹಲಿ, ಪುದುಚೇರಿ, ಮಹಾರಾಷ್ಟ್ರ ನಂಬರಿನ ಕಾರು ಹತ್ತು ಲಕ್ಷ ಅಗ್ಗ ಕಾಣುತ್ತದೆ. ಆದರೆ ಒಂದು ವರ್ಷ ದಾಟಿ ಇಲ್ಲೇ ಇಟ್ಟುಕೊಂಡರೆ ಇಲ್ಲಿನ ಜೀವಾವಧಿ ತೆರಿಗೆ ಕಟ್ಟಲೇಬೇಕು. 2025ರ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಗೆ ಬೆಂಗಳೂರಲ್ಲಿ ದಂಡ ಸೇರಿ 1.4 ಕೋಟಿಗೂ ಮೇಲೆ ಕಟ್ಟಿಸಿಕೊಂಡರು. ಕೊಳ್ಳುವ ಮುಂಚೆಯೇ ಆರ್‌ಟಿಒದಲ್ಲಿ ಆ ಕಾರಿನ ವಯಸ್ಸಿಗೆ ಎಷ್ಟು ತೆರಿಗೆ ಅಂತ ಕೇಳಿಕೊಂಡು ಬನ್ನಿ. ಸಾಲ ಇದ್ದರೆ ಫಾರ್ಮ್ 35, ಹೊರರಾಜ್ಯದ್ದಾದರೆ ಎನ್‌ಒಸಿಗೆ ಫಾರ್ಮ್ 28, ಹೆಸರು ಬದಲಿಸಲು 29 ಮತ್ತು 30.

ಕೊಂಡಮೇಲೆ

ಓಡಿಸಿ. ಕವರ್ ಹೊದಿಸಿ ನಿಲ್ಲಿಸಿದ ಕಾರಿನ ಸೀಲುಗಳು ಒಣಗುತ್ತವೆ, ಬ್ಯಾಟರಿ ಸಾಯುತ್ತದೆ. ಹತ್ತು ಸಾವಿರ ಕಿ.ಮೀ. ಕಡಿಮೆ ಇದ್ದರೆ ಮಾರುವಾಗ ನಾಲ್ಕು ಕಾಸು ಜಾಸ್ತಿ ಬರುತ್ತದೆ, ನಿಜ, ಆದರೆ ಆ ಹತ್ತು ಸಾವಿರ ಕಿ.ಮೀ. ಖುಷಿ ಮುಂದಿನವನಿಗೆ ಹೋಯಿತು. ಬಂಕಿನಲ್ಲಿ ಈಗ ಸಿಗುವ ಸಾಮಾನ್ಯ ಪೆಟ್ರೋಲ್‌ನಲ್ಲಿ ಶೇ 20 ಎಥನಾಲ್ ಇದೆ, ನಿಮ್ಮ ಕಾರು ಅದಕ್ಕೆ ಒಗ್ಗುತ್ತದಾ ಅಂತ ಮ್ಯಾನುಯಲ್ ಪುಸ್ತಕದಲ್ಲಿ ನೋಡಿ.

ವೇಗದ ಆಸೆ ಇದ್ದೇ ಇದೆ, ಅದು ತಪ್ಪಲ್ಲ. ಅದನ್ನು ಘಾಟಿಯಲ್ಲಿ ತೀರಿಸಿಕೊಳ್ಳಬೇಡಿ. ಮಂಜಿನಲ್ಲಿ ತಿರುವಿನ ಆಚೆಯಿಂದ ಬರುವ ಕೆಎಸ್‌ಆರ್‌ಟಿಸಿ ಬಸ್ಸಿಗೆ ನಿಮ್ಮ ಸೆಕೆಂಡುಗಳ ಪರಿಚಯ ಇಲ್ಲ. ಅದಕ್ಕೆ ರೇಸ್ ಟ್ರ್ಯಾಕ್‌ಗಳಿವೆ: ಕೊಯಮತ್ತೂರಿನ ಕಾರಿ ಸ್ಪೀಡ್‌ವೇ 2.1 ಕಿ.ಮೀ., ಚೆನ್ನೈ ಹತ್ತಿರದ ಟ್ರ್ಯಾಕ್ 3.7 ಕಿ.ಮೀ. ಎರಡಕ್ಕೂ ಬೆಂಗಳೂರಿಂದ ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದೊಳಗೆ ಮುಟ್ಟಬಹುದು. ಟ್ರ್ಯಾಕ್ ದಿನಕ್ಕೆ ಹೋಗುವ ಮುಂಚೆ ಬ್ರೇಕ್ ಆಯಿಲ್ ಹೊಸದು ಹಾಕಿಸಿ. ಸಾಮಾನ್ಯ ವಿಮೆ ರೇಸಿಂಗ್ ಮತ್ತು ವೇಗ ಪರೀಕ್ಷೆಗೆ ಅನ್ವಯಿಸುವುದಿಲ್ಲ, ಅದು ಗೊತ್ತಿರಲಿ.

ಮತ್ತೆ ಒಂದು ಫೈಲ್ ಮಾಡಿ. ಪ್ರತಿ ಬಿಲ್, ಪ್ರತಿ ಟೈರಿನ ರಸೀದಿ, ಎರಡೂ ಕೀಲಿ, ಬಿಚ್ಚಿಟ್ಟ ಮೂಲ ಭಾಗಗಳು. ಬಾಕ್ಸ್‌ಸ್ಟರ್ ಗೆಳೆಯನ ಫೈಲ್ ನೋಡಿದ್ದೇನೆ. ಹಸಿರು ರಟ್ಟು, ಮೂಲೆ ಸವೆದಿದೆ, ಒಳಗೆ ಮೊದಲ ಮಾಲೀಕ ನೀಲಿ ಶಾಯಿಯಲ್ಲಿ ಬರೆದ ಆಯಿಲ್ ಬದಲಿಸಿದ ದಿನಾಂಕಗಳಿಂದ ಹಿಡಿದು ಹೋದ ತಿಂಗಳ ವೈಪರ್ ಬಿಲ್‌ವರೆಗೆ ಇದೆ. ಅದನ್ನು ನೋಡಿ ಇಬ್ಬರು ಈಗಾಗಲೇ ಬೆಲೆ ಕೇಳಿಕೊಂಡು ಹೋಗಿದ್ದಾರೆ.